ಹನ್ನೆರಡು ಗಂಟೆಯ ಸೈರನ್ನೂ ಆರ್ವಿಡನ ಟೋಪಿಯೂ

ಹೋಲ್ಮ್‌ದಾಲ್ ಊರಿನಲ್ಲಿ ದೇವರನ್ನು ನಂಬದವರು ಹುಡುಕಿದರೆ ಇಬ್ಬರು ಮೂವರು ಸಿಕ್ಕಾರು, ಹನ್ನೆರಡು ಗಂಟೆಯ ಸೈರನ್ನನ್ನು ನಂಬದವರು ಮಾತ್ರ ಒಬ್ಬರೂ ಇರಲಿಲ್ಲ. ಅಗ್ನಿಶಾಮಕದವರ ಶೆಡ್ಡಿನ ನೆತ್ತಿಯ ಮೇಲೆ ಕೂತಿದ್ದ ಆ ಸೈರನ್ ಒಮ್ಮೆ ಊಳಿಟ್ಟಿತೆಂದರೆ ಊರಿನ ಮುನ್ನೂರ ತೊಂಬತ್ತು ಜನರೂ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಊಟಕ್ಕೆ ಏಳುತ್ತಿದ್ದರು. ನಾಯಿಗಳು ದನಿಗೂಡಿಸುತ್ತಿದ್ದವು. ಮೂವತ್ತೊಂದು ವರ್ಷದಿಂದ ಅದರ ಗುಂಡಿ ಒತ್ತುತ್ತಿದ್ದವನು ಆರ್ವಿಡ್ ಟೋಲೆಫ್ಸನ್. ಗುಂಡಿ ಒತ್ತಿ, ಶೆಡ್ಡಿಗೆ ಬೀಗ ಹಾಕಿ, ಮನೆಗೆ ನಡೆದರೆ ಏಳು ನಿಮಿಷ. ಅತ್ತ ಅವನ ಹೆಂಡತಿ ಥೋರಾ ಸೈರನ್ ಕೇಳಿದೊಡನೆ ಆಲೂಗಡ್ಡೆಯ ನೀರು ಬಸಿದು, ಹಿಸುಕಿ, ಬೆಣ್ಣೆ ಹಾಕುವುದಕ್ಕೂ ಇತ್ತ ಇವನು ಬಾಗಿಲಲ್ಲಿ ಬೂಟು ಕಳಚುವುದಕ್ಕೂ ಸರಿಹೋಗುತ್ತಿತ್ತು.

ಸೈರನ್ನಿನ ಮೇಲೆ ಆರ್ವಿಡನಿಗಿದ್ದ ಪ್ರೀತಿ ಬರೀ ಆಲೂಗಡ್ಡೆಯದ್ದಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ, ಮಾರ್ಚ್ ತಿಂಗಳ ಹಿಮಗಾಳಿಯಲ್ಲಿ, ಥೋರಾಳ ಕಾರು ಊರ ಹೊರಗೆ ಹೂತುಹೋಗಿತ್ತು. ಕಣ್ಣಿಗೆ ತನ್ನ ಕೈಯೇ ಕಾಣದ ಆ ಬಿಳುಪಿನಲ್ಲಿ ಆರ್ವಿಡ್ ಕೂಗಿಸುತ್ತಿದ್ದ ಸೈರನ್ನಿನ ಕಡೆಗೇ ಮುಖ ಮಾಡಿಕೊಂಡು ಅವಳು ನಡೆದು ಬಂದಿದ್ದಳು. ಬಂದವಳಿಗೆ ಆರ್ವಿಡ್ ಹೇಳಿದ್ದು ಒಂದೇ ಮಾತು: "ತಡವಾಯ್ತಲ್ಲ." ಅವನು ಅಂಥವನು. ಅವನೇನು, ಆ ಊರೇ ಅಂಥದ್ದು. ಗೋಧಿ ಎದೆಯುದ್ದ ಬೆಳೆದು ತೂಗಿದರೆ ಅಲ್ಲಿಯ ರೈತ "ಪರವಾಗಿಲ್ಲ" ಅನ್ನುತ್ತಾನೆ. ಅದರಾಚೆ ಹೊಗಳಿಕೆ ಇಲ್ಲ. ಮದುವೆಯಾದ ನಲವತ್ತೊಂದು ವರ್ಷದಲ್ಲಿ ಆರ್ವಿಡ್ ಹೆಂಡತಿಯ ವಿಷಯದಲ್ಲಿ ಅಷ್ಟು ದೂರವೂ ಹೋದವನಲ್ಲ.

ಇಂಥ ಸೈರನ್ನಿಗೆ ಕಂಟಕವಾಗಿ ಬಂದವನು ಪ್ರಿಚೆಟ್. ಮಿನಿಯಾಪೊಲಿಸ್ಸಿನಲ್ಲಿ ಮೂವತ್ತು ವರ್ಷ ಜನರ ಹಲ್ಲು ಕಿತ್ತು, ಅವರ ಚೀರಾಟ ಕೇಳಿ ಸಾಕಾಗಿ, ನಿವೃತ್ತನಾಗಿ, ಶಾಂತಿ ಬೇಕೆಂದು ಹೋಲ್ಮ್‌ದಾಲ್‌ನಲ್ಲಿ ಮನೆ ಕೊಂಡ. ಅದೂ ಅಗ್ನಿಶಾಮಕದ ಶೆಡ್ಡಿನ ಪಕ್ಕದ ಮನೆ. ಕೊಂಡದ್ದು ಬೆಳಿಗ್ಗೆ ಹತ್ತು ಗಂಟೆಗೆ. ದೂರು ಬರೆದದ್ದು ಹನ್ನೆರಡೂಕಾಲಿಗೆ. ಅವನು ಬರೆದ ಇಪ್ಪತ್ತಾರನೇ ದೂರಿಗೆ ನಗರಸಭೆ ಮಣಿದು, ಸೈರನ್ ನಿಲ್ಲಿಸುವ ಮಾತೆತ್ತಿತು. ಊರು ಎದ್ದು ಕೂತಿತು. ಊರಿನ ಇತಿಹಾಸ ಸಂಘದವರು ಮನೆಮನೆಗೆ ಹೋಗಿ ಸಹಿ ಕೂಡಿಸಿ, "ಸೈರನ್ ಇರಬೇಕೇ, ಬೇಡವೇ" ಎಂಬ ಪ್ರಶ್ನೆಯನ್ನು ನವೆಂಬರ್ ಮೂರರ ಮತಪತ್ರಕ್ಕೇ ಏರಿಸಿಬಿಟ್ಟರು. ಸಂಘದ ಕಾರ್ಯದರ್ಶಿ ಆರ್ವಿಡ್. ಬೇರೆ ಯಾರೂ ಒಪ್ಪದ ಕೆಲಸಗಳೆಲ್ಲ ಆ ಊರಿನಲ್ಲಿ ಅವನವೇ.

ಅದೇ ಮತಪತ್ರದಲ್ಲಿ, ಸೈರನ್ನಿನಿಂದ ಮೂರು ಬೆರಳು ಮೇಲೆ, ನಗರಸಭೆಯ ಖಾಲಿ ಕುರ್ಚಿಗೆ ಇಬ್ಬರು ಅಭ್ಯರ್ಥಿಗಳ ಹೆಸರಿತ್ತು. ಒಬ್ಬಳು ಅರ್ಲೀನ್ ಬ್ಯೂಗೆ. ಇನ್ನೊಬ್ಬಳು ಥೋರಾ ಟೋಲೆಫ್ಸನ್. ಇಬ್ಬರೂ ಒಂದೇ ಚರ್ಚಿನ ಒಂದೇ ಅಡುಗೆಮನೆಯಲ್ಲಿ ಮೂವತ್ತು ವರ್ಷ ಜೊತೆಯಾಗಿ ಪಾತ್ರೆ ತೊಳೆದವರು.

ಸಂಘದವರಿಗೆ ಕಾನೂನು ತಿಳಿಸಲು ಸೇಂಟ್ ಪಾಲ್ ನಗರದಿಂದ ಹಾಫ್ನರ್ ಎಂಬ ವಕೀಲೆ ಬಂದು ಒಂದು ಮಧ್ಯಾಹ್ನ ಪಾಠ ಮಾಡಿದಳು.

"ಸೈರನ್ ಪರವಾಗಿ ಮಿತಿಯೊಳಗೆ ಎಷ್ಟು ಬೇಕಾದ್ರೂ ಮಾತಾಡಿ. ಅದು ಪ್ರಶ್ನೆ, ಮನುಷ್ಯ ಅಲ್ಲ," ಎಂದಳು. "ಆದ್ರೆ ಚುನಾವಣೆಗೆ ನಿಂತ ಮನುಷ್ಯರ ಬಗ್ಗೆ ಸಂಘದ ಹೆಸರಲ್ಲಿ ಅರ್ಧ ಮಾತೂ ಬೇಡ. ಹೊಗಳಿಕೆಯೂ ಬೇಡ, ತೆಗಳಿಕೆಯೂ ಬೇಡ. ಆಡಿದ್ರೋ, ಸಂಘಕ್ಕೆ ಸರ್ಕಾರ ಕೊಟ್ಟ ಮಾನ್ಯತೆ ಹೋಯ್ತು. ಸಂಘ ನಡೆಸೋ ಮ್ಯೂಸಿಯಂ ಹೋಯ್ತು. ನಿಮ್ಮ ಸೈರನ್ನೂ ಅದರ ಹಿಂದೆ ಹೋಯ್ತು ಅಂತ ತಿಳ್ಕೊಳ್ಳಿ."

ಆರ್ವಿಡ್ ಕೈ ಎತ್ತಿದ. "ನನ್ನ ಹೆಂಡತಿ ನಿಂತಿದಾಳೆ."

"ನಿಮ್ಮ ಸ್ವಂತ ಮಾತಾಗಿ ಏನು ಬೇಕಾದ್ರೂ ಹೇಳಿ. ಆದ್ರೆ ಸಂಘದ ಟೋಪಿ ಹಾಕ್ಕೊಂಡು ಹೇಳಬೇಡಿ. ತೆಗೆದಿಟ್ಟು ಹೇಳಿ, ಅಷ್ಟೆ."

ಅಷ್ಟೇ. ಆದರೆ ಆ ಟೋಪಿ ಯಾವುದೆಂದು ವಕೀಲೆಗೆ ಗೊತ್ತಿರಲಿಲ್ಲ. ಹಸಿರು ಬಣ್ಣದ್ದು, ಮುಂದೆ ಸೈರನ್ನಿನ ಚಿತ್ರ, ಕೆಳಗೆ ಸಂಘದ ಹೆಸರು. ಆರ್ವಿಡ್ ಅದನ್ನು ಚರ್ಚಿನಲ್ಲಿ, ಹಾಸಿಗೆಯಲ್ಲಿ, ಕ್ಷೌರದ ಕುರ್ಚಿಯಲ್ಲಿ ಬಿಟ್ಟರೆ ಬೇರೆಲ್ಲೂ ತೆಗೆದದ್ದನ್ನು ಊರು ಕಂಡಿರಲಿಲ್ಲ. ಟೋಪಿಯ ಕೆಳಗಿನ ಮುಖ ಇಟ್ಟಿಗೆಯ ಬಣ್ಣ. ಮೇಲಿನ ಹಣೆ ಸುಲಿದ ಮೊಟ್ಟೆಯ ಬಣ್ಣ.

ಮರುದಿನ ಮಾವಿಸಳ ಕೆಫೆಯಲ್ಲಿ ಅವನು ಕಾಫಿ ಕುಡಿಯುತ್ತಿದ್ದಾಗ ಪಕ್ಕದ ಹೊಲದ ಲಾಯ್ಡ್ ಸುಮ್ಮನೆ ಮಾತಿಗೆಂದು ಕೇಳಿದ: "ಏನಯ್ಯಾ ಆರ್ವಿಡ್, ಥೋರಾ ಹೇಗಿದಾಳೆ?"

ಆರ್ವಿಡ್ ಲೋಟ ಕೆಳಗಿಟ್ಟ. ಅತ್ತಿತ್ತ ನೋಡಿದ. ನಿಧಾನವಾಗಿ ಟೋಪಿ ತೆಗೆದ. ಮೇಜಿನ ಮೇಲೆ ಜಾಗವಿಲ್ಲದ್ದರಿಂದ ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದ. ಬಿಳಿ ಹಣೆ ದೀಪದ ಬೆಳಕಿಗೆ ಹೊಳೆಯಿತು. ಕೆಫೆಯಲ್ಲಿ ಚಮಚಗಳ ಸದ್ದು ನಿಂತಿತು.

"ಸಂಘದ ಕಡೆಯಿಂದ ಹೇಳೋಕೆ ಏನೂ ಇಲ್ಲ, ಲಾಯ್ಡ್. ನನ್ನ ಸ್ವಂತ ಮಾತಾಗಿ ಹೇಳೋದಾದ್ರೆ, ಥೋರಾ..."

ಈಗ ಕಾನೂನಿನ ಅಡ್ಡಿ ಇರಲಿಲ್ಲ. ಹೆಂಡತಿಯನ್ನು ಹೊಗಳಬಹುದಿತ್ತು. ಆದರೆ ನಲವತ್ತೊಂದು ವರ್ಷ ಬಳಸದ ಬಾವಿಗೆ ಬಿಂದಿಗೆ ಇಳಿಸಿದರೆ ನೀರು ಬಂದೀತೆ? ಟೋಪಿಯನ್ನು ಇನ್ನಷ್ಟು ಒತ್ತಿ ಹಿಡಿದ. "ಕಷ್ಟ," ಎಂದ.

ಮಾವಿಸ್ ದನಿ ತಗ್ಗಿಸಿದಳು. "ಡಾಕ್ಟರ್ ಏನಂದ್ರು?"

"ಡಾಕ್ಟರ್ ಅಲ್ಲ. ವಕೀಲರು."

"ವಕೀಲರ ತನಕ ಹೋಗಿದೆಯಾ?" ಮಾವಿಸ್ ಕಟ್ಟೆ ಹಿಡಿದುಕೊಂಡಳು.

"ಎಲ್ಲಾ ಬರೆದು ಕೊಟ್ಟಿದಾರೆ. ದಪ್ಪ ಫೈಲು. ಹೆಚ್ಚು ಮಾತಾಡಬೇಡಿ ಅಂದಿದಾರೆ. ಏನಿದ್ರೂ ಮೂರನೇ ತಾರೀಖಿಗೆ ಮುಗಿಯತ್ತಲ್ಲ." ಟೋಪಿ ಹಾಕಿಕೊಂಡ, ಹಾಕಿಕೊಂಡದ್ದೇ ದನಿ ಗಟ್ಟಿಯಾಯಿತು. "ಸೈರನ್ನಿಗೆ ಓಟು ಹಾಕೋದು ಮರೀಬೇಡಿ!" ಎಂದು ಹೊರಟುಹೋದ.

"ಇಂಥಾ ಹೊತ್ತಲ್ಲೂ ಸೈರನ್ ಅಂತಾನಲ್ಲೇ," ಎಂದ ಲಾಯ್ಡ್.

"ದುಃಖ ಮರೆಯೋಕೆ ಮಾರಾಯ," ಎಂದಳು ಮಾವಿಸ್, ಏಪ್ರನ್ನಿನಲ್ಲಿ ಮೂಗು ಒರೆಸುತ್ತಾ. "ಮೂರನೇ ತಾರೀಖಂತೆ. ದಿನ ಎಣಿಸಿ ಹೇಳಿಬಿಟ್ಟಿದಾರೆ."

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು, ಥೋರಾಳೊಬ್ಬಳನ್ನು ಬಿಟ್ಟು. ಯಾರೂ ಅವಳನ್ನು ಕೇಳಲಿಲ್ಲ. ಆ ಊರಿನಲ್ಲಿ ಕಾಯಿಲೆಯ ಸಂಗತಿಯನ್ನು ಬಾಯಿಬಿಟ್ಟು ಕೇಳುವುದು ಅಸಭ್ಯ, ಹಾಟ್‌ಡಿಷ್ ಮಾಡಿ ಕೊಡುವುದು ಸಭ್ಯ. ಗಾಜಿನ ಪಾತ್ರೆಯಲ್ಲಿ ಕೈಮಾ, ಬೀನ್ಸು, ಡಬ್ಬಿಯ ಅಣಬೆ ಸೂಪು ಸುರಿದು, ಮೇಲೆ ಆಲೂಗಡ್ಡೆಯ ಕರಿದ ತುಣುಕು ಹರಡಿ ಬೇಯಿಸಿಟ್ಟರೆ ಅದೇ ಅವರ ಸಾಂತ್ವನ, ಅದೇ ಅವರ ಕಣ್ಣೀರು.

ಪಾಪ, ಥೋರಾಳೋ ಓಟು ಕೇಳುತ್ತಾ ಮನೆಮನೆ ಸುತ್ತುತ್ತಿದ್ದಳು. ಲಾಯ್ಡನ ಬಾಗಿಲು ತಟ್ಟಿದಳು.

"ಲಾಯ್ಡ್, ಮೂರನೇ ತಾರೀಖು ನನ್ನ ನೆನಪಿರಲಿ."

ಕಣಜ ಸುಟ್ಟುಹೋದಾಗಲೂ ಅಳದಿದ್ದ ಲಾಯ್ಡನ ತುಟಿ ನಡುಗಿತು. "ನೆನಪಿರತ್ತೆ ಥೋರಾ. ನಾನು ಸಾಯೋ ತನಕ ನೆನಪಿರತ್ತೆ."

"ಅಷ್ಟು ದಿನ ಬೇಡ ಮಾರಾಯ, ಮಂಗಳವಾರದ ತನಕ ಸಾಕು," ಎಂದು ನಗುತ್ತಾ ಮುಂದಿನ ಮನೆಗೆ ಹೋದಳು.

"ಎಂಥಾ ಧೈರ್ಯ!" ಎಂದು ಲಾಯ್ಡ್ ಬಾಗಿಲಿಗೇ ಒರಗಿದ.

ಥೋರಾಳ ಕಣ್ಣಿಗೆ ಬೀಳಬಾರದೆಂದು ಹಾಟ್‌ಡಿಷ್‌ಗಳೆಲ್ಲ ಮ್ಯೂಸಿಯಂಗೆ ಬಂದವು. ಎರಡು ದಿನದಲ್ಲಿ ಹನ್ನೆರಡು. ಹಳೆಯ ಚರಕ, ಮರದ ಹಿಮಬೂಟು, ಯಾರದೋ ಮುತ್ತಜ್ಜಿಯ ಪ್ರಾರ್ಥನಾಪುಸ್ತಕ, ಇವುಗಳ ನಡುವೆ ಪಾತ್ರೆಗಳು ಸಾಲಾಗಿ ಕೂತವು. "ಇದು ನಮ್ಮೆಲ್ಲರ ಕಡೆಯಿಂದ," ಎಂದು ಬಂದವರೆಲ್ಲ ಅವನ ಭುಜ ಒತ್ತಿ ಹೋಗುತ್ತಿದ್ದರು. ಸೈರನ್ನಿಗೆ ಇಷ್ಟೊಂದು ಬೆಂಬಲವೇ ಎಂದು ಆರ್ವಿಡನ ಎದೆ ತುಂಬಿಬಂತು.

ಹದಿಮೂರನೆಯದನ್ನು ತಂದವಳು ಅರ್ಲೀನ್ ಬ್ಯೂಗೆ.

"ತಗೋ ಆರ್ವಿಡ್. ಥೋರಾಗೆ ಇಷ್ಟ ಅಂತ ಚೀಸ್ ಜಾಸ್ತಿ ಹಾಕಿದೀನಿ."

ಆರ್ವಿಡ್ ಪಾತ್ರೆ ತಗೊಂಡ. ಏನೋ ನೆನಪಾಗಿ ಅದನ್ನು ತಲೆಯ ಮೇಲಕ್ಕೆ ಎತ್ತಿ, ಕಾರಿನ ಅಡಿ ನೋಡುವವನಂತೆ ತಳ ನೋಡಿದ. ಪಾತ್ರೆ ಅದಲುಬದಲಾಗದಿರಲೆಂದು ಆ ಊರಿನ ಹೆಂಗಸರೆಲ್ಲ ಮಾಡುವಂತೆ, ತಳದಲ್ಲಿ ಬಿಳಿಯ ಅಂಟುಪಟ್ಟಿ, ಅದರ ಮೇಲೆ ಶಾಯಿಯಲ್ಲಿ "ಅರ್ಲೀನ್ ಬ್ಯೂಗೆ."

"ಇದರ ಮೇಲೆ ನಿನ್ನ ಹೆಸರಿದೆ!"

"ಎಲ್ಲರ ಪಾತ್ರೆ ಮೇಲೂ ಇರತ್ತಪ್ಪ. ವಾಪಸ್ ಬರಬೇಕಲ್ಲ."

"ಎಲ್ಲರೂ ಚುನಾವಣೆಗೆ ನಿಂತಿಲ್ಲ! ಸಂಘದ ಕಟ್ಟಡದಲ್ಲಿ ನಿನ್ನ ಹೆಸರು ಇಡೋ ಹಾಗಿಲ್ಲ ಅರ್ಲೀನ್. ನಿನ್ನದು ಇಟ್ರೆ ಪಕ್ಕದಲ್ಲೇ ಥೋರಾ ಹೆಸರೂ ಇಡಬೇಕಾಗತ್ತೆ. ಇಷ್ಟೇ ದಪ್ಪ ಅಕ್ಷರದಲ್ಲಿ."

ಅರ್ಲೀನ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ದಪ್ಪ ಅಕ್ಷರದಲ್ಲಿ ಥೋರಾಳ ಹೆಸರು! ಆಗಲೇ ಗೋರಿಯ ಕಲ್ಲಿನ ಯೋಚನೆಗೆ ಬಂದಿದ್ದಾನೆ ಪಾಪ!

ಗೆಳತಿಗೆ ಬೇಜಾರಾಯಿತೆಂದು ಆರ್ವಿಡನಿಗೂ ಅನಿಸಿತು. ಟೋಪಿ ತೆಗೆದ. ಪಾತ್ರೆಯ ಈರುಳ್ಳಿ ಹಬೆ ನೇರ ಕಣ್ಣಿಗೆ ಹೊಡೆದು ನೀರು ಬಂತು. "ನನ್ನ ಸ್ವಂತ ಮಾತಾಗಿ ಹೇಳ್ತೀನಿ ಅರ್ಲೀನ್, ಥೋರಾ..."

"ಹೇಳಬೇಡ. ನಂಗೆಲ್ಲಾ ಗೊತ್ತು," ಎಂದು ಅರ್ಲೀನ್ ಬಿಕ್ಕುತ್ತಾ ಓಡಿದಳು. ಆರ್ವಿಡ್ ಆ ಪಾತ್ರೆಯನ್ನು ಸಂಘದ ಹೊಸ್ತಿಲು ದಾಟಿಸಿ, ಮನೆಗೆ ಒಯ್ದು, ಫ್ರೀಜರಿನ ಆಳದಲ್ಲಿ ಹೆಸರಿದ್ದ ಕಡೆ ಕೆಳಗೆ ಮಾಡಿ ಅಡಗಿಸಿಟ್ಟ. ಚುನಾವಣೆ ಮುಗಿಯುವ ತನಕ ಅದು ಅಲ್ಲಿಯೇ ಇರಲಿ, ಯಾರಿಗೂ ತೊಂದರೆಯಿಲ್ಲ.

ಚುನಾವಣೆಯ ಹಿಂದಿನ ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಲೂಟಫಿಸ್ಕ್ ಊಟ. ಒಣಮೀನನ್ನು ಕ್ಷಾರದ ನೀರಿನಲ್ಲಿ ನೆನೆಹಾಕಿ ಅದು ಅಂಟಂಟು ಲೋಳೆಯಾಗುವ ತನಕ ಬೇಯಿಸುವ ಆ ತಿನಿಸನ್ನು ಯಾರೂ ಇಷ್ಟಪಡುವುದಿಲ್ಲ, ಯಾರೂ ತಪ್ಪಿಸುವುದೂ ಇಲ್ಲ. ಇಡೀ ಊರು ಕೂತಿತ್ತು. ಪ್ರಿಚೆಟ್‌ ಕೂಡ ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದ. ಥೋರಾ ಒಳಗೆ ಅಡುಗೆಮನೆಯಲ್ಲಿ ಬೆಣ್ಣೆ ಕರಗಿಸುತ್ತಿದ್ದಳು.

ಅರ್ಲೀನ್ ಎದ್ದು ನಿಂತಳು. "ಒಂದು ಮಾತು. ನಾನು ಚುನಾವಣೆಯಿಂದ ಹಿಂದೆ ಸರಿದಿದೀನಿ. ಎಲ್ಲರೂ ಥೋರಾಗೇ ಓಟು ಹಾಕಿ. ಇರೋಷ್ಟು ದಿನ ಕೂತ್ಕೊಳ್ಳಲಿ ಪಾಪ, ಆ ಕುರ್ಚಿಯಲ್ಲಿ."

ಪ್ರಿಚೆಟ್ ಕರವಸ್ತ್ರ ಇಳಿಸಿದ. "ಹಿಂದೆ ಸರೀರಿ ಅಂತ ಯಾರು ಹೇಳಿದ್ರು ನಿಮಗೆ?"

"ಆರ್ವಿಡ್ ಹೇಳಿದ್ದು ಕೇಳಿ ನಂಗೆ ತಡೆಯೋಕಾಗ್ಲಿಲ್ಲ."

"ಎಲ್ಲಿ ಹೇಳಿದ್ದು?"

"ಮ್ಯೂಸಿಯಂನಲ್ಲಿ."

"ಸಂಘದ ಟೋಪಿ ಹಾಕಿದ್ನಾ?"

ಅರ್ಲೀನ್ ಸುಳ್ಳು ಹೇಳುವ ಹೆಂಗಸಲ್ಲ. "ಅರ್ಧ ಹೊತ್ತು ಹಾಕಿದ್ದ, ಅರ್ಧ ಹೊತ್ತು ತೆಗೆದಿದ್ದ."

"ಅರ್ಧ ಸಾಕು!" ಪ್ರಿಚೆಟ್ ಎದ್ದೇ ನಿಂತ. ಇಪ್ಪತ್ತಾರು ದೂರಿನಲ್ಲಿ ಸಿಗದ ಸುಖ ಅವನ ಮುಖದಲ್ಲಿತ್ತು. "ಸಂಘದ ಕಾರ್ಯದರ್ಶಿ, ಸಂಘದ ಕಟ್ಟಡದಲ್ಲಿ, ಸಂಘದ ಟೋಪಿಯಲ್ಲಿ, ತನ್ನ ಹೆಂಡತಿಗೋಸ್ಕರ ಎದುರಾಳಿಯನ್ನ ಕಣದಿಂದ ಇಳಿಸಿದಾನೆ. ನಾಳೆಯೇ ಸರ್ಕಾರಕ್ಕೆ ಬರೀತೀನಿ. ಸಂಘವೂ ಇರಲ್ಲ, ಸೈರನ್ನೂ ಇರಲ್ಲ!"

ಆರ್ವಿಡನ ಮುಖ ತಟ್ಟೆಯಲ್ಲಿದ್ದ ಮೀನಿನ ಬಣ್ಣಕ್ಕೆ ತಿರುಗಿತು. ಮೂವತ್ತೊಂದು ವರ್ಷ ಒತ್ತಿದ ಬೆರಳು ತಾನಾಗಿಯೇ ಮೇಜಿನ ಮೇಲೆ ಒತ್ತಿಕೊಂಡಿತು.

"ಶಾಂತಿ, ಶಾಂತಿ," ಎಂದರು ಪಾದ್ರಿಗಳು. "ಜಗಳ ಆಮೇಲೆ. ಮೊದಲು ಥೋರಾಗೋಸ್ಕರ ಒಂದು ನಿಮಿಷ ಮೌನ ಪ್ರಾರ್ಥನೆ ಮಾಡೋಣ."

ಎಲ್ಲರೂ ತಲೆ ಬಾಗಿಸಿದರು. ಅಡುಗೆಮನೆಯ ಬಾಗಿಲು ತೆರೆಯಿತು. ಕರಗಿದ ಬೆಣ್ಣೆಯ ಜಗ್ಗು ಹಿಡಿದು ಥೋರಾ ಬಂದಳು. ಬಗ್ಗಿದ ತಲೆಗಳನ್ನೆಲ್ಲ ನೋಡಿ ತಾನೂ ತಲೆ ಬಾಗಿಸಿ, ಪಿಸುದನಿಯಲ್ಲಿ ಕೇಳಿದಳು: "ಯಾರು ಹೋದ್ರು?"

ಬಗ್ಗಿದ ತಲೆಗಳು ಇನ್ನಷ್ಟು ಬಗ್ಗಿದವು.

"ಪಾದ್ರಿಗಳೇ, ಯಾರು ಹೋಗಿದ್ದು?"

"ಇನ್ನೂ... ಯಾರೂ ಹೋಗಿಲ್ಲಮ್ಮ," ಎಂದರು ಪಾದ್ರಿಗಳು, ಅವಳತ್ತ ನೋಡಲಾರದೆ.

ಆಮೇಲೆ ಹತ್ತು ನಿಮಿಷ ನಡೆದದ್ದನ್ನು ಸರಿಯಾಗಿ ಹೇಳುವುದು ಕಷ್ಟ. ಎಲ್ಲರೂ ಒಟ್ಟಿಗೆ ಮಾತಾಡಿದರು. ಕೊನೆಗೆ ಜಗ್ಗು ಮೇಜಿಗೆ ಕುಕ್ಕಿದ ಸದ್ದು ಕೇಳಿ ಸುಮ್ಮನಾದರು.

"ನಾನು ಸಾಯ್ತಿದೀನಿ ಅಂತ ಹೇಳಿದ್ದು ಯಾರು?" ಎಂದಳು ಥೋರಾ.

ಎಲ್ಲ ಬೆರಳೂ ಒಂದೇ ಕಡೆ ತಿರುಗಿದವು.

"ನಾನು ಏನೂ ಹೇಳ್ಲಿಲ್ಲ!" ಎಂದ ಆರ್ವಿಡ್.

"ಏನೂ ಹೇಳ್ಲಿಲ್ಲ, ಅದೇ ಮತ್ತೆ!" ಎಂದು ಲಾಯ್ಡ್ ಕೂಗಿದ. "ಟೋಪಿ ತೆಗೆದು ಎದೆಗೆ ಒತ್ಕೊಂಡೆ ಮಾರಾಯ! ಅಪ್ಪನ ಹೆಣದ ಮುಂದೆಯೂ ನೀನು ಅಷ್ಟು ಹೊತ್ತು ಹಾಗೆ ನಿಂತಿರ್ಲಿಲ್ಲ!"

"ಕಾನೂನು ಹಾಗಿದೆ. ಟೋಪಿ ಹಾಕ್ಕೊಂಡು ಥೋರಾನ ಹೊಗಳಬಾರದು ಅಂತ."

"ಅಹಾ!" ಎಂದಳು ಥೋರಾ. "ನಲವತ್ತೊಂದು ವರ್ಷ ಯಾವ ಕಾನೂನು ಅಡ್ಡ ಬಂದಿತ್ತೋ ನಿಂಗೆ?"

ನೆಲಮಾಳಿಗೆಯ ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರನ್ನು ನೋಡಿದರು. ಗಂಡಂದಿರು ಮೀನನ್ನು ನೋಡಿದರು.

ಪಾದ್ರಿಗಳ ಫೋನಿನಿಂದ ವಕೀಲೆ ಹಾಫ್ನರಳನ್ನು ಕರೆದು, ಎಲ್ಲರಿಗೂ ಕೇಳುವಂತೆ ಇಟ್ಟರು. ಅವಳು ಕಥೆಯನ್ನೆಲ್ಲ ಕೇಳಿದಳು. ನಡುವೆ ಎರಡು ಸಲ ಕೆಮ್ಮಿದಳು. ಅದು ಕೆಮ್ಮಲ್ಲವೆಂದು ಮಾವಿಸ್ ಇವತ್ತಿಗೂ ಹೇಳುತ್ತಾಳೆ.

"ಟೋಲೆಫ್ಸನ್ ಅವರೇ, ಟೋಪಿ ತೆಗೆದಿಡಿ ಅಂದೆ. ಬುದ್ಧೀನೂ ಜೊತೆಗೆ ತೆಗೆದಿಡಿ ಅಂದೆನೇ? ಹೆಂಡತಿ ಹೇಗಿದಾಳೆ ಅಂತ ಕೇಳಿದ್ರೆ ಚೆನ್ನಾಗಿದಾಳೆ ಅನ್ನೋದು ಚುನಾವಣಾ ಪ್ರಚಾರ ಅಲ್ಲ."

"ಎದುರಾಳಿಯನ್ನ ಇಳಿಸಿದ್ದು?" ಎಂದು ಪ್ರಿಚೆಟ್ ಫೋನಿಗೆ ಬಾಗಿದ.

"ಹಿಂದೆ ಸರಿಯೋ ದಿನ ದಾಟಿ ಎರಡು ತಿಂಗಳಾಯ್ತು. ಮತಪತ್ರ ಅಚ್ಚಾಗಿದೆ. ಇಳಿಸಿದವರೂ ಇಲ್ಲ, ಇಳಿದವರೂ ಇಲ್ಲ."

"ಹಾಗಾದ್ರೆ ನಾನು ನಿಂತೇ ಇದೀನಾ?" ಎಂದಳು ಅರ್ಲೀನ್.

"ನಿಂತೇ ಇದೀರಿ."

ಅರ್ಲೀನ್ ಕೂತಳು. ಪ್ರಿಚೆಟ್ಟೂ ಕೂತ. ಅಂದು ಮೀನು ಯಾರಿಗೂ ರುಚಿಸಲಿಲ್ಲ, ಆದರೆ ಅದು ಪ್ರತಿ ವರ್ಷದ ಮಾತು.

ಮಂಗಳವಾರ ಓಟಾಯಿತು. ಸೈರನ್ ಇರಲಿ ಎಂದವರು ನೂರ ನಲವತ್ತೆಂಟು, ಬೇಡವೆಂದವರು ನಲವತ್ತನಾಲ್ಕು. ಆರ್ವಿಡ್ ಅದನ್ನು ಕೇಳಿ ಶೆಡ್ಡಿಗೆ ಹೋಗಿ ಗುಂಡಿಯ ಮೇಲಿನ ಧೂಳು ಒರೆಸಿದ. ಅದೇ ಅವನ ವಿಜಯೋತ್ಸವ. ನಗರಸಭೆಯ ಕುರ್ಚಿಗೆ ಮಾತ್ರ ಥೋರಾಳಿಗೆ ತೊಂಬತ್ತಾರು, ಅರ್ಲೀನಳಿಗೆ ತೊಂಬತ್ತಾರು. ಸಮಸಮ. ಇಂಥಲ್ಲಿ ಚೀಟಿ ಎತ್ತಬೇಕೆಂಬುದು ನಿಯಮ.

ಶುಕ್ರವಾರ ಬೆಳಿಗ್ಗೆ ಹನ್ನೊಂದೂವರೆಗೆ ಅಗ್ನಿಶಾಮಕದ ಶೆಡ್ಡಿನಲ್ಲೇ ಎಲ್ಲರೂ ಸೇರಿದರು. ನಗರಸಭೆಯ ಗುಮಾಸ್ತ ಎರಡು ಚೀಟಿ ಮಡಿಸಿ ಖಾಲಿ ಕಾಫಿ ಡಬ್ಬಿಯಲ್ಲಿ ಹಾಕಿ ಕುಲುಕಿದ.

"ಒಂದೇ ಒಂದು ಓಟು ಆಚೀಚೆ ಆಗಿದ್ರೆ ಈ ಪಾಡಿರ್ಲಿಲ್ಲ," ಎಂದು ಗೊಣಗಿದ.

"ನಾನು ಅರ್ಲೀನ್‌ಗೆ ಹಾಕಿದೆ," ಎಂದಳು ಥೋರಾ. "ನಂಗೆ ನಾನೇ ಹಾಕ್ಕೊಳ್ಳೋಕೆ ನಾಚ್ಕೆ ಆಗಲ್ವಾ?"

ಅರ್ಲೀನ್ ಕೆಂಪಾದಳು. "ನಾನು ಥೋರಾಗೆ ಹಾಕಿದೆ."

ಗುಮಾಸ್ತ ಡಬ್ಬಿ ಕೆಳಗಿಟ್ಟು ಇಬ್ಬರನ್ನೂ ನೋಡಿದ. "ನಿಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ಒಂದು ಚೂರು ಅಹಂಕಾರ ಇದ್ದಿದ್ರೆ ನಾನೀಗ ಮನೇಲಿರ್ತಿದ್ದೆ!"

"ನೀನು ತೆಗಿ ಅರ್ಲೀನ್." "ಛೇ, ನೀನು ತೆಗಿ." "ನೀನೇ ಮೊದಲು." ತಟ್ಟೆಯ ಕೊನೆಯ ತುಂಡು ಕೇಕನ್ನು ಮುಟ್ಟದ ಊರು ಅದು, ಅಂಥ ಊರಿನಲ್ಲಿ ಕೊನೆಯ ಕುರ್ಚಿಗೆ ಯಾರು ಕೈ ಹಾಕುತ್ತಾರೆ? ಕಾಲು ಗಂಟೆ ಕಳೆಯಿತು. ಆರ್ವಿಡನನ್ನು ಕೇಳಿದರೆ "ನಾನು ಸಂಘದವನು" ಎಂದು ಎರಡು ಹೆಜ್ಜೆ ಹಿಂದೆ ಸರಿದ. ಕೊನೆಗೆ ಗುಮಾಸ್ತನೇ ಕಣ್ಣುಮುಚ್ಚಿ ಒಂದು ಚೀಟಿ ಎತ್ತಿದ.

ಅರ್ಲೀನ್ ಬ್ಯೂಗೆ.

ಥೋರಾ ಗೆಳತಿಯ ಕೈ ಕುಲುಕಿದಳು. ನಕ್ಕಳು. ಆದರೆ ಮೂರು ವಾರ ಮನೆಮನೆ ಸುತ್ತಿದ ಕಾಲು ಒಮ್ಮೆಲೇ ನೋಯಿತೋ ಏನೋ, ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಕ್ಕರಿಸಿದಳು.

ಆರ್ವಿಡ್ ಅದನ್ನು ನೋಡಿದ. ಗುಮಾಸ್ತನ ಹತ್ತಿರ ಹೋದ. "ಈಗ ಇಬ್ಬರೂ ಅಭ್ಯರ್ಥಿಗಳಲ್ಲ ತಾನೇ?"

"ಅಲ್ಲ."

"ಬರೆದು ಸಹಿ ಮಾಡಿದೀಯಾ?"

"ಮಾಡಿದೀನಪ್ಪಾ."

ಆರ್ವಿಡ್ ಟೋಪಿ ತೆಗೆದ.

"ಅಯ್ಯೋ, ಮತ್ತೆ ತೆಗೆದ!" ಎಂದ ಲಾಯ್ಡ್.

ಆರ್ವಿಡ್ ಬಾಯಿ ತೆರೆದ, ಮುಚ್ಚಿದ. ಟೋಪಿಯನ್ನು ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿದ. ಯಾರೋ ಕೆಮ್ಮಿದರು.

"ಆ ಹಿಮಗಾಳಿ ದಿನ," ಎಂದ. ನಿಂತ. "ಮೊದಲು ಐದೈದು ನಿಮಿಷಕ್ಕೆ ಒತ್ತುತಿದ್ದೆ." ಮತ್ತೆ ನಿಂತ. ಮಾವಿಸ್ ಅವನಿಗೆ ನೀರು ಕೊಡಲು ಹೊರಟಳು, ಯಾರೋ ತಡೆದರು. "ಆಮೇಲೆ ಎರಡೆರಡು ನಿಮಿಷಕ್ಕೆ. ಆಮೇಲೆ ಬೆರಳು ತೆಗೀಲೇ ಇಲ್ಲ."

ಥೋರಾ ತಲೆ ಎತ್ತಿದಳು.

"ಥೋರಾ," ಎಂದ ಆರ್ವಿಡ್. ಹಣೆಯ ಬಿಳುಪೆಲ್ಲ ಕೆಂಪಾಗಿತ್ತು. "ಥೋರಾ ಪರವಾಗಿಲ್ಲ."

ಮಾವಿಸ್ ಗೋಡೆ ಹಿಡಿದುಕೊಂಡಳು. ಪಾದ್ರಿಗಳು ಛಾವಣಿ ನೋಡಿದರು. ಲಾಯ್ಡ್ ಪಕ್ಕದವನ ಕಿವಿಯಲ್ಲಿ, "ಎದುರಿಗೇ ಇಷ್ಟು ಹೊಗಳಬಾರದಪ್ಪ, ದೃಷ್ಟಿಯಾಗತ್ತೆ," ಎಂದ. ಥೋರಾ ಬೆಂಚಿನ ಮೇಲೆ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿದಳು, ಅಷ್ಟೆ.

ಆಗ ಶೆಡ್ಡಿನ ಫೋನು ಕಿರುಚಿತು. ಪಕ್ಕದ ಮನೆಯ ಪ್ರಿಚೆಟ್.

"ಹನ್ನೆರಡು ದಾಟಿ ಏಳು ನಿಮಿಷ! ಎಲ್ಲಿ ಸೈರನ್? ಅದು ಕೂಗಲಿ ಅಂತ ನಾನು ಕಾಯ್ತಾ ಕೂತಿದೀನಿ, ಒಲೆ ಮೇಲೆ ಮೊಟ್ಟೆ ಕಲ್ಲಾಗಿದೆ! ದೂರು ಕೊಡ್ತೀನಿ!"

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಸೈರನ್ ತಡವಾಗಿ ಕೂಗಿತು. ಊರೆಲ್ಲ ಏಳು ನಿಮಿಷ ತಡವಾಗಿ ಉಂಡಿತು. ಯಾರೂ ಗೊಣಗಲಿಲ್ಲ.

ಗಂಡಹೆಂಡಿರು ಜೊತೆಯಾಗಿ ಮನೆಗೆ ನಡೆದರು. ಆಲೂಗಡ್ಡೆ ಬೇಯಿಸಿರಲಿಲ್ಲ. ಥೋರಾ ಫ್ರೀಜರಿನ ಆಳದಿಂದ ಒಂದು ಗಾಜಿನ ಪಾತ್ರೆ ಹೊರತೆಗೆದು ಬಿಸಿಮಾಡಿ ಮೇಜಿನ ಮೇಲಿಟ್ಟಳು. ಆರ್ವಿಡ್ ಟೋಪಿಯನ್ನು ಮೊಳೆಗೆ ತೂಗುಹಾಕಿ ಕೂತ. ಬರಿತಲೆಗೆ ಎಂಥದೋ ಹಗುರ. ಒಂದು ತುತ್ತು ತಿಂದ, ಎರಡು ತಿಂದ. ಬಾಯಿ ಈಗತಾನೇ ಹೊಸ ಅಭ್ಯಾಸ ಕಲಿತಿತ್ತು.

"ಪರವಾಗಿಲ್ಲ," ಎಂದ.

ಥೋರಾ ಚಮಚ ಕೆಳಗಿಟ್ಟಳು. "ಇದು ಅರ್ಲೀನ್ ಮಾಡಿದ್ದು."

ಆರ್ವಿಡ್ ಅಗಿಯುವುದನ್ನು ನಿಲ್ಲಿಸಿದ.

"ಅವಳ ಹಾಟ್‌ಡಿಷ್‌ಗೂ ಅದೇ ಮಾತು, ನಂಗೂ ಅದೇ ಮಾತಾ?"

ಆರ್ವಿಡ್ ಎದ್ದ. ಗೋಡೆಯ ತನಕ ನಡೆದ. ಟೋಪಿ ತೆಗೆದುಕೊಂಡು, ಎರಡೂ ಕೈಯಿಂದ ಕಿವಿಯ ತನಕ ಎಳೆದು ಹಾಕಿಕೊಂಡು, ಬಂದು ಕೂತ.

"ಸಂಘದ ಕಡೆಯಿಂದ ಹೇಳೋಕೆ ಏನೂ ಇಲ್ಲ," ಎಂದ.